ಕಾಲಿಗೆ ರಜೆ, ಕೈಗೆ ಸಜೆ

ವಾ ಪೆಡಲ್ ತುಳಿಯುವ ಗಿಟಾರಿಸ್ಟನ ಮುಖ ನೋಡಿದ್ದೀರಾ? ಪಾದ ಒತ್ತಿದಾಗಲೆಲ್ಲ ಬಾಯಿಯೂ ಅಗಲವಾಗುತ್ತದೆ. ಪಾಪ, ನಗಬೇಡಿ; ಆ ಡಬ್ಬಿಯೊಳಗೆ ನಡೆಯುವುದೂ ಅದೇ. ಅಕ್ಕಪಕ್ಕ ಯಾರೂ ಇಲ್ಲದಾಗ ಒಂದೇ ಶ್ರುತಿಯಲ್ಲಿ ‘ಊ’ ಎಂದು ಶುರುಮಾಡಿ ‘ಆ’ವರೆಗೆ ಎಳೆದು ನೋಡಿ. ಶ್ರುತಿ ಅಲ್ಲೇ ಇದೆ, ಬಾಯಿ ತೆರೆದದ್ದಕ್ಕೇ ದನಿಯ ಬಣ್ಣ ಬದಲಾಯಿತು. ವಾ ಫಿಲ್ಟರ್ ಕೂಡ ಸ್ವರದ ಒಂದು ಭಾಗವನ್ನು ಎತ್ತಿಹಿಡಿದು, ಆ ಎತ್ತರವನ್ನು ಕೆಳಗಿಂದ ಮೇಲಕ್ಕೆ ಜಾರಿಸುತ್ತದೆ, ಅಷ್ಟೆ.

ಇದಕ್ಕೆ ಕಾಲು ಯಾಕೆ ಸವೆಸಬೇಕು ಅನ್ನುವವರಿಗೆಂದೇ 1972ರಲ್ಲಿ ಅಮೆರಿಕದ ಮ್ಯೂಸಿಟ್ರಾನಿಕ್ಸ್ ಕಂಪನಿ ಮ್ಯೂ-ಟ್ರಾನ್ 3 ಎಂಬ ಪೆಟ್ಟಿಗೆ ತಂದಿತು. ಮೈಕ್ ಬೈಗಲ್ ಅದರ ವಿನ್ಯಾಸಕಾರ. ತಂತಿ ಮೀಟಿದ ರಭಸವನ್ನು ಒಂದು ಸರ್ಕ್ಯೂಟು ಅಳೆಯುತ್ತದೆ. ರಭಸ ಹೆಚ್ಚಿದರೆ, ಹೊರಗಿನ ಬೆಳಕು ಹೊಗದಂತೆ ಮುಚ್ಚಿದ ಗೂಡಿನಲ್ಲಿ ಪುಟಾಣಿ ದೀಪ ಜೋರಾಗಿ ಉರಿಯುತ್ತದೆ, ಎದುರಿನ ಫೋಟೊಸೆಲ್‌ನ ರೋಧ ಇಳಿಯುತ್ತದೆ, ಫಿಲ್ಟರ್ ಮೇಲೇರುತ್ತದೆ. ಸ್ವರ ಆರಿದಂತೆ ದೀಪ ಮಂಕಾಗಿ ಫಿಲ್ಟರೂ ಕೆಳಗಿಳಿಯುತ್ತದೆ. ಮರುವರ್ಷವೇ ಸ್ಟೀವಿ ವಂಡರ್ ‘ಹೈಯರ್ ಗ್ರೌಂಡ್’ನಲ್ಲಿ ಕ್ಲಾವಿನೆಟ್ ಕೀಬೋರ್ಡನ್ನು ಇದಕ್ಕೆ ಜೋಡಿಸಿ ನುಡಿಸಿದರು, ಆ ಗುಳುಗುಳು ಕೇಳಿದವರು ಮರೆಯುವುದಿಲ್ಲ.

ಕಾಲಿಗೇನೋ ರಜೆ ಸಿಕ್ಕಿತು. ಆದರೆ ಈ ಆಟೊ ವಾ ಮೆಲ್ಲಗೆ ಕರೆದರೆ ‘ಹ್ಞೂಂ’ ಎಂದು ಮುಸುಕೆಳೆಯುವ, ಗದರಿದರೆ ಮಾತ್ರ ಬಾಯಿ ಬಿಡುವ ಮನೆಮಗನ ಜಾತಿ. ಗದರಿಕೆಯಲ್ಲೂ ಹದ ಬೇಕು. ನಮ್ಮ ಹುಡುಗರೋ, ಪೆಟ್ಟಿಗೆ ಬಿಚ್ಚಿದ ಕೂಡಲೇ ಆ ಎತ್ತರವನ್ನು ಮೊನಚಾಗಿಸುವ ಪೀಕ್ ನಾಬನ್ನು ಕೊನೆಯವರೆಗೆ ತಿರುಗಿಸಿ, ಅದು ಸಿಳ್ಳೆ ಹಾಕಿದರೆ ಪುಳಕಗೊಳ್ಳುತ್ತಾರೆ. ಅಪ್ಪಾ, ಮೊದಲು ಹಿಡಿಯಬೇಕಾದದ್ದು ಗೇನ್. ಕೆಲವು ಪೆಡಲ್‌ಗಳಲ್ಲಿ ಅದರ ಹೆಸರು ಸೆನ್ಸಿಟಿವಿಟಿ. ನಿಮ್ಮಿಂದಾದಷ್ಟು ಜೋರಾಗಿ ಮೀಟಿ, ಆಗ ಮಾತ್ರ ಫಿಲ್ಟರ್ ಪೂರ್ತಿ ತೆರೆಯುವಂತೆ ನಿಲ್ಲಿಸಿ. ಹೆಚ್ಚಾದರೆ ಸದಾ ತೆರೆದೇ ಇರುತ್ತದೆ, ‘ವಾ’ ಹೋಗಿ ‘ಆ’ ಮಾತ್ರ ಉಳಿಯುತ್ತದೆ. ಕಡಿಮೆಯಾದರೆ ಇಡೀ ಹಾಡು ‘ಊ’ನಲ್ಲೇ ಮುಗಿಯುತ್ತದೆ. ಗಿಟಾರ್ ಬದಲಾದರೆ ಮತ್ತೆ ಮೊದಲಿನಿಂದ. ಹಂಬಕರ್ ಪಿಕಪ್‌ನ ದನಿಗೂ ಸಿಂಗಲ್ ಕಾಯಿಲ್‌ನದಕ್ಕೂ ಬಲದಲ್ಲಿ ವ್ಯತ್ಯಾಸವಿದೆ. ಬೇಸ್ ನುಡಿಸುವವರು ತಗ್ಗು ದನಿಯನ್ನು ಉಳಿಸುವ ಲೋ-ಪಾಸ್‌ನಲ್ಲಿಡಿ, ಇಲ್ಲವಾದರೆ ನಿಮ್ಮ ಬೇಸೇ ಕಾಣೆಯಾದೀತು.

ಇನ್ನು ಡಿಸ್ಟಾರ್ಷನ್, ಕಂಪ್ರೆಸರ್‌ಗಳನ್ನು ಇದರ ಮುಂದೆ ಕೂರಿಸುವ ಮಹನೀಯರಿದ್ದಾರೆ. ಅವೆರಡೂ ಜೋರು-ಮೆದುವಿನ ವ್ಯತ್ಯಾಸವನ್ನೇ ಸಪಾಟು ಮಾಡಿದ ಮೇಲೆ ಅಳೆಯುವುದಕ್ಕೆ ಏನುಳಿಯಿತು? ವಾ ಮೊದಲು, ಅವು ಆಮೇಲೆ. ಅಳೆಯುವ ಗೊಡವೆಯೇ ಬೇಡವೆಂದರೆ, ಎಲ್‌ಎಫ್‌ಒ, ಅಂದರೆ ನಿಧಾನವಾಗಿ ಏರಿಳಿಯುವ ಆಂದೋಲಕ, ನಡೆಸುವ ಇನ್ನೊಂದು ಬಗೆಯಿದೆ. ಅದು ನಿಮ್ಮ ಕೈಯನ್ನು ಕೇಳುವುದೇ ಇಲ್ಲ, ರೇಟ್ ನಾಬ್ ಹೇಳಿದ ವೇಗದಲ್ಲಿ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಡ್ರಮ್ಸ್‌ನವನು ಹುರುಪೆದ್ದು ಓಡಿದರೂ ತನ್ನ ಪಾಡಿಗೆ ತಾನು. ಅವನತ್ತ ಕಣ್ಣು ಕೆಕ್ಕರಿಸುವ ಕೆಲಸಕ್ಕೆ ಮಾತ್ರ ಇನ್ನೂ ಯಾವ ಪೆಡಲೂ ಬಂದಿಲ್ಲ.