ಮೊಟ್ಟೆಯಿಡದ ಮೀನಿನ ಹ್ಯಾಚರಿ

ಎಲ್ಲೋ ಏನೋ ನೋಡಿಕೊಂಡು ಬಂದು, ‘ಇಷ್ಟೇನಾ, ನಾವೇ ಮಾಡಬಹುದಲ್ಲ’ ಎಂದು ಹೊರಟು ಕೆಟ್ಟವರು ನೀವೂ ಆಗಿದ್ದರೆ, ಬನ್ನಿ, ಪಕ್ಕದಲ್ಲೇ ಕೂತುಕೊಳ್ಳಿ. ನಾನು ಕೆಟ್ಟದ್ದು ಹೆಸರಘಟ್ಟದಲ್ಲಿ. ಬೆಂಗಳೂರಿಗೆ ನೀರು ಕುಡಿಸಲೆಂದು 1894ರಲ್ಲಿ ಕಟ್ಟಿದ ಕೆರೆಯ ಆ ಊರಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರವೂ ಇದೆ. ಅಲ್ಲಿನ ಬಣ್ಣದ ಮೀನು ನೋಡಿ ಲಗ್ಗೆರೆಗೆ ಮರಳುವಷ್ಟರಲ್ಲಿ ನಮ್ಮ ತಾರಸಿಯ ಮೇಲೆ ಹ್ಯಾಚರಿಯೊಂದು ಎದ್ದು ನಿಂತಿತ್ತು, ನನ್ನ ತಲೆಯೊಳಗೆ. ತಂದದ್ದು ಆರು ಗಪ್ಪಿ. ಗಪ್ಪಿ ಮೊಟ್ಟೆಯಿಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಟಾರ್ಚ್ ಹಿಡಿದು ಎರಡು ವಾರ ಮೊಟ್ಟೆ ಹುಡುಕಿದ ಮೇಲೆ ಗೊತ್ತಾದ ಸಂಗತಿ ಇದು.

ತಿಂಗಳೆರಡರಲ್ಲಿ ಮರಿ ನೂರಾದವು, ನೀರು ನಾರಿತು. ಮೀನು ಬಿಡುವ ಅಮೋನಿಯಾ ಮೀನಿಗೇ ವಿಷ. ದಿನಾ ನೀರು ಚೆಲ್ಲಲು ನಾನೇನು ಟ್ಯಾಂಕರ್ ಮಾಲೀಕನೇ? ಅಗ್ಗದ ಫಿಲ್ಟರ್ ಕಟ್ಟಿದೆ: 200 ಲೀಟರಿನ ನೀಲಿ ಡ್ರಮ್ಮು, ಮೇಲೆ ಮರಳು, ನಡುವೆ ಇದ್ದಿಲು, ತಳಕ್ಕೆ ಜಲ್ಲಿ. ಹಾಗೆ ಇರಬೇಕಿತ್ತು. ನಾನು ತಲೆಕೆಳಗು ಸುರಿದಿದ್ದೆ. ನಲ್ಲಿ ತಿರುಗಿಸಿದರೆ ನೀರಿಗಿಂತ ಮೊದಲು ಎಂ-ಸ್ಯಾಂಡ್ ಬಂದು ಮಳೆನೀರಿನ ಪೈಪು ಕಟ್ಟಿಕೊಂಡಿತು.

ಎರಡನೇ ಸಲ ಇದ್ದಿಲು ತೊಳೆಯದೆ ಹಾಕಿದೆ. ಕಪ್ಪು ಕಷಾಯ ಇಳಿದು, ಒಣಹಾಕಿದ್ದ ನನ್ನ ರೇಷ್ಮೆ ಪಂಚೆಗೆ ಬಣ್ಣ ಬಳಿಯಿತು. ಭಾವಮೈದುನನ ಮದುವೆಯಲ್ಲಿ ಅರ್ಧ ಗಜ ಅಂಚಿನ ಪಂಚೆ ಉಟ್ಟವನು ನಾನೊಬ್ಬನೇ.

ಮೂರನೇ ಸಲ ನೀರು ತಿಳಿಯಾಯಿತು. ಜಲ್ಲಿಗೆ ಕಂದು ಲೋಳೆ ಹತ್ತಿತು. ಅಮೋನಿಯಾವನ್ನು ನೈಟ್ರೈಟ್, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದೇ ಆ ಲೋಳೆಯಲ್ಲಿ, ನೆಲೆಯೂರಲು ನಾಲ್ಕಾರು ವಾರ ಬೇಕು. ಐದನೇ ವಾರ ನನಗೆ ಶುಚಿತ್ವದ ಹುಚ್ಚು ಹಿಡಿಯಿತು. ಬ್ಲೀಚಿಂಗ್ ಪೌಡರ್ ಹಾಕಿ ಗಸಗಸ ಉಜ್ಜಿ, ಫಿಲ್ಟರಿನ ಜೀವವನ್ನೇ ಚರಂಡಿಗೆ ಬಿಟ್ಟು, ಫಳಫಳ ಹೊಳೆಯುವ ಜಲ್ಲಿಯ ಫೋಟೊ ತೆಗೆದೆ. “ರೀ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿವೆ!” ಹೆಂಡತಿ ಕೂಗಿ, ನನ್ನ ಸ್ನಾನದ ಬಕೆಟ್ಟಿಗೇ ಅವನ್ನು ಎತ್ತಿಹಾಕಿ ಉಳಿಸಿದಳು. ನಲ್ಲಿ ಮುಚ್ಚಿದ ಡ್ರಮ್ಮಿನತ್ತ ಆಮೇಲೆ ನಾನು ತಿರುಗಿಯೂ ನೋಡಲಿಲ್ಲ.

ಡೆಂಗಿ ಕಾಲ ಬಂತು. ಮನೆಮನೆ ಲಾರ್ವಾ ನೋಡುತ್ತಿದ್ದ ಆಶಾ ಕಾರ್ಯಕರ್ತೆ ತಾರಸಿ ಹತ್ತಿ ಡ್ರಮ್ಮಿಗೆ ಇಣುಕಿದರು. ಮರಳಿನ ಮೇಲೆ ನಿಂತ ನಾಲ್ಕು ಬೆರಳು ನೀರಿನಲ್ಲಿ ಸೊಳ್ಳೆಮರಿಗಳ ಜಾತ್ರೆ. ಮೊಟ್ಟೆಯೊಡೆದು ಮರಿ ಬರುವ ಅಪ್ಪಟ ಹ್ಯಾಚರಿ ಕೊನೆಗೂ ನಮ್ಮಲ್ಲಿ ಶುರುವಾಗಿತ್ತು! ನಾನು ಮೆಲ್ಲಗೆ ಸರಿದು ಬಕೆಟ್ಟಿಗೆ ಅಡ್ಡ ನಿಂತೆ.

“ಸೊಳ್ಳೆಮರಿ ತಿನ್ನೋ ಮೀನು ಬರತ್ತೆ ಸಾರ್, ಗಪ್ಪಿ ಅಂತ,” ಆಕೆ ಸಮಾಧಾನ ಹೇಳಿದರು. “ನಾಲ್ಕು ತಂದ್ಕೊಡ್ಲಾ?”