ಮಡಿಯಲ್ಲಿರುವ ಕಂಪ್ಯೂಟರು

ರಿಮೋಟ್ ಡೆಸ್ಕ್‌ಟಾಪ್ ಕೈಕೊಟ್ಟಾಗ ಅದಕ್ಕೆ ಬೇಕಾದ ಮದ್ದು ಸಾಮಾನ್ಯವಾಗಿ ಆ ಕಡೆಯ ಕಂಪ್ಯೂಟರಿನೊಳಗೇ ಇರುತ್ತದೆ. ಆ ಕಡೆ ಹೋಗಲಾಗದೆ ತಾನೇ ನಾವು ಈ ಕಡೆ ಕೂತಿರುವುದು!

2018ರ ಮೇ ತಿಂಗಳಲ್ಲಿ ಊರೂರಿನ ಸಿಸ್ಟಮ್ ಅಡ್ಮಿನ್‌ಗಳಿಗೆ ಇದರ ದರ್ಶನ ಒಟ್ಟಿಗೇ ಆಯಿತು. ನಮ್ಮ ಹೆಸರು, ಪಾಸ್‌ವರ್ಡುಗಳನ್ನು ಸರ್ವರ್‌ಗೆ ಮುಟ್ಟಿಸುವ, ವಿಂಡೋಸ್‌ನ ಕ್ರೆಡ್‌ಎಸ್‌ಎಸ್‌ಪಿ ಎಂಬ ವ್ಯವಸ್ಥೆಯಲ್ಲಿ ತೂತು ಸಿಕ್ಕಿ, ಮಾರ್ಚ್‌ನಲ್ಲೇ ಅದಕ್ಕೆ ತೇಪೆ ಬಂದಿತ್ತು. ಮೇ ಅಪ್‌ಡೇಟ್ ಬಂದದ್ದೇ ತಡ, ತೇಪೆ ಹಾಕಿಸಿಕೊಂಡ ಕ್ಲೈಂಟ್‌ಗಳು ಹಾಕಿಸಿಕೊಳ್ಳದ ಸರ್ವರ್‌ಗಳ ಜೊತೆ ಮಾತು ಬಿಟ್ಟವು. ಮಿಂದು ಮಡಿಯುಟ್ಟ ಅಜ್ಜಿ ಸ್ನಾನವಾಗದ ಮೊಮ್ಮಗನನ್ನು ಮುಟ್ಟಿಸಿಕೊಳ್ಳುವುದುಂಟೆ? ಸರಿ, ಅವನಿಗೆ ಸ್ನಾನ ಮಾಡಿಸಬೇಕಾದವಳೂ ಅಜ್ಜಿಯೇ ಆದರೆ?

ನಮ್ಮ ಆಫೀಸಿನ ಸರ್ವರು ಸ್ನಾನದ ವಿಷಯದಲ್ಲಿ ಮೊದಲೇ ಸೋಮಾರಿ. ಅಪ್‌ಡೇಟ್ ಹಾಕಿದರೆ ಲೆಕ್ಕದ ಸಾಫ್ಟ್‌ವೇರ್ ನಿಂತುಹೋದೀತೆಂದು ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ರಜೆಗೆಂದು ಹಾಸನಕ್ಕೆ ಬಂದವನು ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಪಾಸ್‌ವರ್ಡ್ ಒತ್ತಿದರೆ, 'ಕೇಳಿದ ಕಾರ್ಯಕ್ಕೆ ಬೆಂಬಲವಿಲ್ಲ' ಎಂಬರ್ಥದ ಇಂಗ್ಲಿಷ್ ಉತ್ತರ. ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ ವಿಧಾನಸೌಧದಲ್ಲೂ ಆ ತಿಂಗಳು ಬೆಂಬಲದ್ದೇ ರಾಮಾಯಣ. ಅಲ್ಲಾದರೂ ಎಷ್ಟು ಜನ ಕಮ್ಮಿ ಎಂಬುದು ಗೊತ್ತಿತ್ತು.

ಅಕ್ಕನ ಮಗ ಇಣುಕಿ, "ಮಾಮ, ವಿಎನ್‌ಸಿ ಹಾಕ್ಕೊಳ್ಳಿ, ಎಲ್ಲಾದ್ರಲ್ಲೂ ನಡೆಯುತ್ತೆ" ಎಂದ. ದೂರದ ಕಂಪ್ಯೂಟರನ್ನು ನಡೆಸಲೆಂದೇ ಕೇಂಬ್ರಿಡ್ಜಿನ ಪ್ರಯೋಗಾಲಯದಲ್ಲಿ ಹುಟ್ಟಿದ ವಿಎನ್‌ಸಿ ಸಾಮಾನ್ಯವಾಗಿ ಬಾಗಿಲು ತಟ್ಟುವುದು 5900ನೇ ಪೋರ್ಟಿನಲ್ಲಿ. ನಮ್ಮ ಸರ್ವರು ಕಿವಿಗೊಟ್ಟು ಕೂತಿದ್ದು 3389ರಲ್ಲಿ. ಅದೂ ಹೋಗಲಿ, ವಿಎನ್‌ಸಿಯನ್ನು ಅಲ್ಲೂ ಇನ್‌ಸ್ಟಾಲ್ ಮಾಡಬೇಕಲ್ಲ?

ಆಫೀಸಿನ ಸೆಕ್ಯುರಿಟಿಗೆ ಫೋನ್ ಮಾಡಿದೆ. "ಸಾರ್, ಹಸಿರು ಲೈಟು ಮಿಣಮಿಣ ಅಂತೈತೆ. ಆಫ್ ಮಾಡಿ ಆನ್ ಮಾಡ್ಲಾ?"

"ದಮ್ಮಯ್ಯ ಅಂತೀನಿ, ಮುಟ್ಟಬೇಡ ಕಣಪ್ಪ!"

ಕೊನೆಗೆ ಉಳಿದದ್ದು ಒಂದೇ ದಾರಿ, ಅಜ್ಜಿಯ ಮಡಿ ಕೆಡಿಸುವುದು. ಗ್ರೂಪ್ ಪಾಲಿಸಿಯಲ್ಲಿ ಇದಕ್ಕೆಂದೇ ಒಂದು ಆಯ್ಕೆಯಿದೆ, ಹೆಸರು 'ವಲ್ನರಬಲ್'. ಅಂದರೆ, ನನ್ನ ಮೇಲೆ ಯಾರು ಬೇಕಾದರೂ ದಾಳಿ ಮಾಡಬಹುದು ಎಂದು ಬರೆದುಕೊಟ್ಟರೆ ಮಾತ್ರ ಒಳಗೆ ಪ್ರವೇಶ. ನನ್ನದು ಹೋಮ್ ಎಡಿಷನ್. ಬರೆದುಕೊಡಲು ಆ ಫಾರಮ್ಮೂ ಅದರಲ್ಲಿಲ್ಲ! ರಿಜಿಸ್ಟ್ರಿಯ ಕಾಡಿನಲ್ಲಿ ಅಲೆದು, 'ಅಲೋಎನ್‌ಕ್ರಿಪ್ಷನ್‌ಒರಾಕಲ್' ಎಂಬ ಹೆಸರಿನ ಮುಂದೆ 2 ಎಂದು ಕೂರಿಸಿ ರೀಸ್ಟಾರ್ಟ್ ಮಾಡಿದೆ. ಆಫೀಸಿನ ಪರದೆ ಏನೂ ಆಗಿಲ್ಲವೆಂಬಂತೆ ಮೂಡಿತು.

ಒಳಹೊಕ್ಕ ಪುಣ್ಯಕ್ಕೆ ಸರ್ವರ್‌ಗೂ ಅಪ್‌ಡೇಟ್ ಹಾಕಿದೆ. ರೀಸ್ಟಾರ್ಟ್ ಒತ್ತಿದೊಡನೆ ಸಂಪರ್ಕ ಕಡಿಯಿತು. ಈಗ ಅದು ಎದ್ದೀತೋ ಇಲ್ಲವೋ ಎಂದು ಪಿಂಗ್ ಹೊಡೆಯುತ್ತ ಕೂತೆ. ಅಮ್ಮ ಕಾಫಿ ತಂದಿಟ್ಟು, "ಇನ್ನೂ ಎದ್ದಿಲ್ವೇನೋ ಅದು?" ಎಂದು ಹಣಕಿ ಹೋದಳು.

ಎದ್ದಿತು. 2 ಇದ್ದಲ್ಲಿ 1 ಬರೆದು ಲ್ಯಾಪ್‌ಟಾಪನ್ನು ಮತ್ತೆ ಮಡಿಗೆ ಸೇರಿಸುವಷ್ಟರಲ್ಲಿ ಲೆಕ್ಕದವರ ಫೋನು:

"ಸಾರ್, ನಮ್ಮ ಸಾಫ್ಟ್‌ವೇರ್ ಯಾಕೋ ಓಪನ್ನೇ ಆಗ್ತಿಲ್ಲ."