ನಮ್ಮ ಷಡ್ಡಕರ ಹಡಗು

ಒರ್ಲ್ಯಾಂಡೊದಲ್ಲಿರುವ ಷಡ್ಡಕರ ಮನೆಗೆ ಹೋಗಿ ಮೂರು ದಿನವಾಗಿತ್ತು. ಬೆಳಿಗ್ಗೆ ನಮ್ಮ ಅತ್ತೆಯವರು ಕಾಫಿ ಲೋಟ ಹಿಡಿದುಕೊಂಡು ನಡುಮನೆ ದಾಟಿ ಅಡುಗೆಮನೆ ಕಡೆ ಹೊರಟಿದ್ದರು.

"ಅತ್ತೇ, ನಿಲ್ಲಿ! ಅದು ಗೋಡೆ!"

ಲೋಟ ತುಳುಕಿತು. ಅತ್ತೆಯವರು ಕಣ್ಣು ಕಿರಿದು ಮಾಡಿ ಎದುರಿಗೆ ನೋಡಿದರು. ಗೋಡೆ ಇರಲಿಲ್ಲ. ಆರು ತಿಂಗಳ ಹಿಂದಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಕೊಟ್ಟ ದುಡ್ಡು ದಂಡವಾಯಿತೇನೋ ಎಂಬ ಅನುಮಾನ ಮುಖದಲ್ಲಿ ಸುಳಿದು ಹೋಯಿತು. ಆಮೇಲೆ ನೆಲ ನೋಡಿದರು. ಬಣ್ಣ ಬಳಿಯುವವರು ಕಿಟಕಿ ಚೌಕಟ್ಟಿಗೆ ಹಚ್ಚುವ ನೀಲಿ ಟೇಪು ಸೋಫಾದಿಂದ ಟೀವಿಯವರೆಗೆ, ಅಲ್ಲಿಂದ ದೇವರ ಗೂಡಿನವರೆಗೆ ಚೌಕವಾಗಿ ಓಡಿತ್ತು. ನಾವು ಮಲಗಿದ್ದಾಗ ಷಡ್ಡಕರು ಎದ್ದು, ಹಡಗಿನಲ್ಲಿ ನಮಗೆ ಸಿಗಲಿರುವ ಕೋಣೆಯನ್ನು ಅಳತೆ ಪ್ರಕಾರ ನಡುಮನೆಯಲ್ಲಿ ಕಟ್ಟಿಬಿಟ್ಟಿದ್ದರು.

"ಬಾಗಿಲು ಈ ಕಡೆ ಇದೆ. ಹೀಗೆ ಸುತ್ತಿಕೊಂಡು ಬನ್ನಿ" ಎಂದರು. ಎಪ್ಪತ್ತೆರಡು ವರ್ಷದ ಹೆಂಗಸು ಇಲ್ಲದ ಬಾಗಿಲನ್ನು ಹುಡುಕಿಕೊಂಡು ಸುತ್ತಿ ಬಂದರು. ಅಳಿಯನ ಮಾತು ಮೀರುವ ಅಭ್ಯಾಸ ಅವರಿಗಿಲ್ಲ.

ನನ್ನ ಸರದಿ ಆಮೇಲೆ ಬಂತು. ಟೇಪಿನ ಮೂಲೆಯಲ್ಲಿ ಇನ್ನೊಂದು ಪುಟ್ಟ ಚೌಕವಿತ್ತು, ಅದು ಬಚ್ಚಲು. "ಭಾವ, ಒಳಗೆ ನಿಂತ್ಕೊಳ್ಳಿ. ತಲೆಗೆ ಸೋಪು ಹಚ್ಕೊಂಡ ಹಾಗೆ ಮಾಡಿ." ಪಂಚೆ ಉಟ್ಟುಕೊಂಡು ನಡುಮನೆಯಲ್ಲಿ ನಿಂತು ಒಣ ತಲೆಗೆ ಸೋಪು ಹಚ್ಚಿಕೊಂಡೆ. "ಬಡೀತು! ಎಡ ಮೊಣಕೈ ಗೋಡೆಗೆ ಬಡೀತು!" ಎಂದು ಅವರು ಸಂಭ್ರಮದಿಂದ ಕೂಗಿ, ಲ್ಯಾಪ್‌ಟಾಪಿನಲ್ಲಿ ಅದನ್ನು ಬರೆದುಕೊಂಡರು. ನನ್ನ ಹೆಂಡತಿ ಫೋಟೊ ತೆಗೆದಳು. ಆ ಫೋಟೊ ಮೈಸೂರಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಇವತ್ತಿಗೂ ಆಗಾಗ ಎದ್ದು ಬರುತ್ತದೆ.

ವಿಷಯ ಇಷ್ಟೇ. 2024ರ ಜುಲೈ 19ರಂದು ಯುಟೋಪಿಯಾ ಆಫ್ ದ ಸೀಸ್ ಎಂಬ ಹೊಚ್ಚ ಹೊಸ ಹಡಗು ಫ್ಲಾರಿಡಾದ ಪೋರ್ಟ್ ಕೆನವೆರಲ್ ಬಂದರಿನಿಂದ ಮೊದಲ ಪ್ರಯಾಣ ಹೊರಟಿತ್ತು. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಹಡಗು. ಇಷ್ಟು ದೊಡ್ಡ ಹೊಸ ಹಡಗನ್ನು ಸಾಮಾನ್ಯವಾಗಿ ಒಂದು ವಾರದ ಪ್ರಯಾಣಕ್ಕೆ ಬಿಡುತ್ತಾರೆ. ಇದನ್ನು ಮಾತ್ರ ಮೊದಲ ದಿನದಿಂದಲೇ ಮೂರು ರಾತ್ರಿ, ನಾಲ್ಕು ರಾತ್ರಿಯ ಚುಟುಕು ಯಾತ್ರೆಗೆಂದು ಇಟ್ಟಿದ್ದರು. ನಮ್ಮದು ಆಗಸ್ಟಿನಲ್ಲಿ, ಮೂರು ರಾತ್ರಿಯದು. ಶುಕ್ರವಾರ ಸಂಜೆ ಹತ್ತಿದರೆ ಸೋಮವಾರ ಬೆಳಿಗ್ಗೆ ಇಳಿಯುವುದು. ಅರವತ್ತು ಚಿಲ್ಲರೆ ಗಂಟೆ. ಈ ಅರವತ್ತು ಗಂಟೆಗಾಗಿ ಷಡ್ಡಕರು ನೋಡಿದ ವಿಡಿಯೊಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಹಡಗು ಬಹಾಮಾಸಿಗೆ ನಾಲ್ಕು ಸಲ ಹೋಗಿ ಬರಬಹುದಿತ್ತು ಎಂದು ನಾದಿನಿಯ ಲೆಕ್ಕ.

ಈ ಜಾತಿಯವರನ್ನು ನೀವು ನೋಡಿಲ್ಲ ಎನ್ನಬೇಡಿ. ನಮ್ಮೂರಿಗೆ ಟೆಂಟ್ ಸಿನಿಮಾ ಬರುತ್ತಿದ್ದ ಕಾಲದಲ್ಲೂ ಒಬ್ಬ ಇದ್ದ. ಮೈಸೂರಿಗೆ ಹೋಗಿ ಅದೇ ಸಿನಿಮಾ ಮೊದಲೇ ನೋಡಿಕೊಂಡು ಬಂದು, ಇಲ್ಲಿ ಮರಳ ಮೇಲೆ ನಮ್ಮ ಪಕ್ಕ ಕೂತು, "ಈಗ ನೋಡು, ಮಹಡಿಯಿಂದ ಬೀಳ್ತಾನೆ... ಬಿದ್ದ!" ಎನ್ನುತ್ತಿದ್ದ. ಮದುವೆಮನೆಯಲ್ಲಿ ಎಲೆ ಹಾಕುವ ಮೊದಲೇ ಅಡುಗೆ ಭಟ್ಟರ ಬಳಿ ಹೋಗಿ ಬಂದು, "ಹೋಳಿಗೆ ಎರಡನೇ ಸಲ ಬರುತ್ತೆ, ಚಿತ್ರಾನ್ನ ಕಮ್ಮಿ ಹಾಕಿಸ್ಕೊಳ್ಳಿ" ಎಂದು ಪಂಕ್ತಿಯುದ್ದಕ್ಕೂ ಪಿಸುಗುಡುವವನೂ ಇದೇ ವಂಶ. ಅವನಿಗೆ ಸಿಕ್ಕಿದ್ದು ಭಟ್ಟರ ಸ್ನೇಹವೊಂದೇ. ಷಡ್ಡಕರಿಗೆ ಸಿಕ್ಕಿದ್ದು ವೈಫೈ.

ಅವರ ಎಕ್ಸೆಲ್ ಹಾಳೆಯಲ್ಲಿ ಹನ್ನೊಂದು ವಿಭಾಗಗಳಿದ್ದವು. ಒಂದರಲ್ಲಿ ಹಡಗಿನ ಜಾತಕ: ಉದ್ದ 362 ಮೀಟರ್, ಕೋಣೆಗಿಬ್ಬರಂತೆ 5,668 ಪ್ರಯಾಣಿಕರು, ಸಿಬ್ಬಂದಿ ಎರಡು ಸಾವಿರದ ಮೇಲೆ. ಅತ್ತೆಯವರಿಗೆ ತಿಳಿಯಲಿ ಎಂದು ಉದ್ದವನ್ನು ಬೇರೆ ಮಾನದಲ್ಲೂ ಬರೆದಿದ್ದರು. ಮೈಸೂರು ಅರಮನೆ 245 ಅಡಿ. ಅಂಥ ಅರಮನೆಗಳನ್ನು ಸಾಲಾಗಿ ಇಟ್ಟರೆ ಹೆಚ್ಚುಕಡಿಮೆ ಐದು.

"ಅರಮನೇಲಿ ಲಕ್ಷದ ಹತ್ತಿರ ಬಲ್ಬಿದೆ. ಇದರಲ್ಲಿ ಎಷ್ಟಿದೆ?" ಎಂದರು ಅತ್ತೆ.

ಷಡ್ಡಕರ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದಾಗ ಅವರ ಮುಖ ಲ್ಯಾಪ್‌ಟಾಪಿನ ಬೆಳಕಿನಲ್ಲಿ ನೀಲಿಯಾಗಿತ್ತು. ಬಲ್ಬು ಹುಡುಕುತ್ತಿದ್ದರು.

ಟನ್ನಿನ ವಿಷಯದಲ್ಲಿ ಮಾತ್ರ ಅವರನ್ನು ಯಾರೂ ಅಲುಗಿಸುವಂತಿರಲಿಲ್ಲ. ಹಡಗು 2,36,000 ಟನ್ನಿನ ಮೇಲಿದೆ ಎಂದು ತಿಳಿದು ನಾನು, "ಅಬ್ಬ, ಏನು ಭಾರ!" ಎಂದುಬಿಟ್ಟೆ. ಅಷ್ಟು ಸಾಕಾಯಿತು. ಈ ಟನ್ನು ಭಾರವಲ್ಲವಂತೆ. ಹಡಗಿನ ಒಳಗೆ ಎಷ್ಟು ಜಾಗವಿದೆ ಎಂಬುದರ ಅಳತೆಯಂತೆ. ಹಿಂದಿನ ಕಾಲದಲ್ಲಿ ಹಡಗಿನಲ್ಲಿ ಎಷ್ಟು ಪೀಪಾಯಿ ದ್ರಾಕ್ಷಾರಸ ಹಿಡಿಯುತ್ತದೆ ಎಂಬ ಲೆಕ್ಕದಿಂದ ಬಂದ ಮಾತಂತೆ.

"ತೂಕ ಇಲ್ಲದ ಟನ್ನು! ಕೊನೆಗೆ ಹೆಂಡದ ಲೆಕ್ಕ ತಾನೇ" ಎಂದು ಅತ್ತೆಯವರು ಒಂದೇ ಮಾತಿಗೆ ಮುಗಿಸಿದರು.

ಭಾಷೆಯನ್ನೂ ತಿದ್ದುತ್ತಿದ್ದರು. ಬೋಟ್ ಅನ್ನಬಾರದು, ಶಿಪ್. ಮಹಡಿಯಲ್ಲ, ಡೆಕ್. ಅಡುಗೆಮನೆಯಲ್ಲ, ಗ್ಯಾಲಿ. ಎಡ ಪೋರ್ಟ್, ಬಲ ಸ್ಟಾರ್‌ಬೋರ್ಡ್. ಇದು ಊಟದ ಮೇಜಿಗೂ ಇಳಿದು ಬಂತು: "ಉಪ್ಪಿನಕಾಯಿ ನಿಮ್ಮ ಸ್ಟಾರ್‌ಬೋರ್ಡ್ ಕಡೆ ಇದೆ ಭಾವ." ನಾದಿನಿ ತನ್ನ ಪೋರ್ಟ್ ಕೈಯಿಂದ ಹಣೆ ಚಚ್ಚಿಕೊಂಡಳು.

ಕೋಣೆ ಆರಿಸಿದ ಕಥೆಯನ್ನು ಎರಡು ಸಂಜೆ ಹೇಳಿದರು. ಈಜುಕೊಳದ ಡೆಕ್ಕಿನ ನೇರ ಕೆಳಗೆ ಕೋಣೆ ತೆಗೆದುಕೊಳ್ಳಬಾರದು. ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ತಲೆಯ ಮೇಲೇ ಕೇಳುತ್ತದೆ. ಮೇಲೂ ಕೋಣೆ, ಕೆಳಗೂ ಕೋಣೆ ಇರಬೇಕು, ಸ್ಯಾಂಡ್‌ವಿಚ್ಚಿನ ಹಾಗೆ. ತೀರಾ ಮುಂದೆ ಬೇಡ, ತೀರಾ ಹಿಂದೆ ಬೇಡ; ಮೂತಿ ಮೇಲೆದ್ದು ಕೆಳಗಿಳಿಯುವಾಗ ನಡುವಿನ ಜಾಗ ಕಡಿಮೆ ಅಲ್ಲಾಡುತ್ತದೆ. ಇದಕ್ಕೆ ಚಿತ್ರ ಬರೆದು, ಬಾಣ ಹಾಕಿ ತೋರಿಸಿದರು.

"ಕೆಂಪು ಬಸ್ಸಲ್ಲಿ ಹಿಂದಿನ ಸೀಟು ಬೇಡ ಅಂತೀವಲ್ಲ, ಅದೇ ತಾನೇ?" ಎಂದರು ಅತ್ತೆ. ಷಡ್ಡಕರು ಒಂದು ಗಳಿಗೆ ಯೋಚಿಸಿ, ಹೌದೆಂದು ಒಪ್ಪಿಕೊಂಡರು. ಒಪ್ಪಿಕೊಳ್ಳುವಾಗ ಸ್ವಲ್ಪ ನೋವಾದಂತೆ ಕಂಡಿತು.

ಅವರ ಓದನ್ನು ಹೀಗಳೆಯುವಂತಿಲ್ಲ, ನಿಜ ಹೇಳಬೇಕು. ಇಷ್ಟು ಚುಟುಕು ಯಾತ್ರೆಯಲ್ಲೂ ಹಡಗು ಬಹಾಮಾಸಿಗೆ ಯಾಕೆ ಹೋಗಬೇಕು, ಸುಮ್ಮನೆ ಅಮೆರಿಕದ ಕರಾವಳಿಯಲ್ಲೇ ಸುತ್ತಿಸಿದರೆ ಆಗದೇ ಎಂದು ನಾನು ಕೇಳಿದೆ. 1886ರ ಒಂದು ಕಾನೂನಿನ ಪ್ರಕಾರ ಪರದೇಶದ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಬಂದರಿಗೆ ಜನರನ್ನು ಸಾಗಿಸುವಂತಿಲ್ಲ; ಇಲ್ಲೇ ಹತ್ತಿಸಿ, ಅಮೆರಿಕದ ಬೇರೆ ಬಂದರು ಸುತ್ತಿಸಿ ಇಲ್ಲೇ ಇಳಿಸುವುದಾದರೂ ನಡುವೆ ಒಂದು ಹೊರದೇಶದ ಬಂದರನ್ನಾದರೂ ಮುಟ್ಟಲೇಬೇಕು. ಹಡಗಿನ ಬಾವುಟವೋ ಬಹಾಮಾಸಿನದು, ಹಿಂಭಾಗದಲ್ಲಿ ಊರಿನ ಹೆಸರು ನಸಾವ್ ಎಂದೇ ಬರೆದಿರುತ್ತದೆ. "ಅಂದ್ರೆ ನಾವು ಹಡಗಿನ ತವರುಮನೆಗೆ ಹೋಗಿ ಬರ್ತಿದ್ದೀವಿ" ಎಂದಳು ನನ್ನ ಹೆಂಡತಿ. ಇಷ್ಟು ಚೆನ್ನಾದ ಮಾತು ಎಕ್ಸೆಲ್ಲಿನಲ್ಲಿ ಇರಲಿಲ್ಲ. ಅತ್ತೆಯವರ ಮತ್ತು ನಮ್ಮ ವೀಸಾ ಒಮ್ಮೆಯದೋ ಹಲವು ಸಲದ್ದೋ ಎಂದು ನಮಗಿಂತ ಮೊದಲು ನೋಡಿಟ್ಟವರೂ ಷಡ್ಡಕರೇ. ಅವರಿಲ್ಲದಿದ್ದರೆ ನಾವು ನಸಾವ್‌ನಲ್ಲಿಯೇ ಬಾಳೆಕಾಯಿ ಬಜ್ಜಿ ಅಂಗಡಿ ಇಡಬೇಕಾಗುತ್ತಿತ್ತೋ ಏನೋ.

ಸಾಮಾನು ಕಟ್ಟುವ ದಿನ ಯುದ್ಧವೇ ನಡೆಯಿತು. ಹಡಗಿನ ಕೋಣೆಯ ಗೋಡೆ ಉಕ್ಕಿನದು, ಅಯಸ್ಕಾಂತ ಹಿಡಿಯುತ್ತದೆ ಎಂದು ಡಜನ್ ಅಯಸ್ಕಾಂತದ ಕೊಕ್ಕೆ ತರಿಸಿದ್ದರು. ಅವನ್ನು ಬ್ಯಾಗಿಗೆ ಹಾಕಿದ್ದೇ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು, ನನ್ನ ಕನ್ನಡಕದ ಡಬ್ಬಿಯನ್ನೂ ಹಿಡಿದುಕೊಂಡು, ಮುಳ್ಳುಹಂದಿಯಂತೆ ಉಂಡೆಯಾದವು. ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಅತ್ತೆಯವರ ಪುಟ್ಟ ಕರೆಂಟ್ ಕುಕ್ಕರು, ನಾದಿನಿಯ ಇಸ್ತ್ರಿಪೆಟ್ಟಿಗೆ ಎರಡೂ ನಿಷಿದ್ಧ, ಬೆಂಕಿಯ ಭಯ. ಮನೆಯಲ್ಲಿ ಮಾಡಿದ ತಿಂಡಿ ಬೇಡ, ಅಂಗಡಿಯ ಸೀಲು ಇರಬೇಕು ಎಂದು ಷಡ್ಡಕರು ಅಪ್ಪಣೆ ಮಾಡಿದರು. ಹಡಗಿನ ದೊಡ್ಡ ಊಟದ ಮನೆಯಲ್ಲಿ ಕೇಳಿದರೆ ಭಾರತೀಯ ಸಸ್ಯಾಹಾರ ಮಾಡಿಕೊಡುತ್ತಾರೆ ಎಂದು ವಿಡಿಯೊ ಸಮೇತ ತೋರಿಸಿದರು. ಅತ್ತೆಯವರು ವಿಡಿಯೊದಲ್ಲಿದ್ದ ಪನೀರನ್ನು ಬಹಳ ಹೊತ್ತು ನೋಡಿ ಏನೂ ಹೇಳಲಿಲ್ಲ. ಅಂಗಡಿಯ ಡಬ್ಬಿಯೊಳಗೆ ಮನೆಯ ಚಟ್ನಿಪುಡಿ ಹೇಗೆ ಸೇರಿಕೊಂಡಿತು ಎಂಬುದು ಆ ತಾಯಿಗೇ ಗೊತ್ತು.

ನನ್ನ ನೌಕಾನುಭವ ಸಿಗಂದೂರಿನ ಲಾಂಚಿಗೇ ಮುಗಿದಿತ್ತು. ಆಗಿನ್ನೂ ಸೇತುವೆ ಆಗಿರಲಿಲ್ಲ. ಶರಾವತಿ ಹಿನ್ನೀರಿನ ದಡಕ್ಕೆ ಹೋಗಿ ನಿಂತರೆ ಲಾಂಚು ಬರುತ್ತಿತ್ತು. ಜೀಪು, ಬೈಕು, ಕೋಳಿಬುಟ್ಟಿ, ನಾವು ಎಲ್ಲರೂ ಒಟ್ಟಿಗೇ ಹತ್ತುತ್ತಿದ್ದೆವು. ಕೋಳಿಗಳಿಗೆ ಎಷ್ಟು ತಿಳಿದಿತ್ತೋ ನನಗೂ ಅಷ್ಟೇ ತಿಳಿದಿತ್ತು. ಇದನ್ನು ಹೇಳಿದಾಗ ಷಡ್ಡಕರು ಕನಿಕರದಿಂದ ನಕ್ಕು, "ಅದರ ಟನ್ನೇಜ್ ಎಷ್ಟು ಭಾವ?" ಎಂದು ಕೇಳಿದರು.

ಶುಕ್ರವಾರ ಬಂತು. ಒರ್ಲ್ಯಾಂಡೊದಿಂದ ಬಂದರಿಗೆ ಒಂದು ಗಂಟೆಯ ದಾರಿ. ನಾವು ನಾಲ್ಕು ಗಂಟೆ ಮೊದಲೇ ಹೊರಟೆವು. ಸೇತುವೆಯ ಏರಿನಲ್ಲಿ ಹಡಗು ಕಣ್ಣಿಗೆ ಬಿದ್ದಾಗ ನಾವೆಲ್ಲ "ಅಯ್ಯೋ!" ಎಂದೆವು. ಊರಿನ ಪಕ್ಕ ಇನ್ನೊಂದು ಊರು ಎದ್ದು ನಿಂತಿತ್ತು, ಬೆಳ್ಳಗೆ. ಷಡ್ಡಕರು ಹಿಡಿತ ಸಡಿಲಿಸದೆ, "ಹಾಂ. ಇದೇ" ಎಂದರು. ಹುಡುಗಿ ನೋಡಲು ಹೋದವರು ಫೋಟೊ ಜೊತೆ ಮುಖ ತಾಳೆ ಹಾಕುವ ದನಿ ಅದು.

ಒಳಗೂ ಹಾಗೆಯೇ. ಹಡಗಿನ ಹೊಟ್ಟೆಯಲ್ಲಿ ಆಕಾಶಕ್ಕೆ ತೆರೆದ ತೋಟ. ನಿಜವಾದ ಗಿಡಗಳು, ನಿಜವಾದ ಎಲೆಗಳು. ಅತ್ತೆಯವರು ಒಂದು ಎಲೆ ಮುಟ್ಟಿ ನೋಡಿ, ಬೆರಳು ಮೂಸಿ, ಬೆರಗಾಗಿ ನಿಂತರು. "ಇದು ಎಂಟನೇ ಡೆಕ್, ನಾನು ಹೇಳಿರ್ಲಿಲ್ವಾ?" ಎಂದರು ಷಡ್ಡಕರು. ರೈಲು ಬೋಗಿಯ ಹಾಗೆ ಕಟ್ಟಿದ ಹೋಟೆಲು: ಹೇಳಿದ್ದರು. ಮೇಲಿಂದ ಕೆಳಗೆ ಸುತ್ತಿಕೊಂಡು ಬೀಳುವ ಜಾರುಬಂಡಿ: ಅದನ್ನೂ ಹೇಳಿದ್ದರು. ಪ್ರತಿ ತಿರುವಿನಲ್ಲೂ ಅವರು ನಮಗಿಂತ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತು ನಮ್ಮ ಮುಖ ನೋಡುತ್ತಿದ್ದರು. ಹಡಗನ್ನು ಅವರು ಆಗಲೇ ನೋಡಿಯಾಗಿತ್ತು; ಇನ್ನು ನೋಡಲು ಉಳಿದಿದ್ದವರು ನಾವೇ. ಒಂದು ಲಿಫ್ಟಿನ ಪಕ್ಕ ಮಾತ್ರ ಅವರು ಗಕ್ಕನೆ ನಿಂತರು. ಅಲ್ಲೊಂದು ಹೂಕುಂಡ ಇತ್ತು. ಯಾವ ವಿಡಿಯೊದಲ್ಲೂ ಇಲ್ಲದ ಹೂಕುಂಡ. ಅದನ್ನು ಎರಡು ಸುತ್ತು ಹಾಕಿ ಫೋಟೊ ತೆಗೆದುಕೊಂಡರು.

ಕೋಣೆಯ ಬಾಗಿಲು ತೆಗೆದಾಗ ಅತ್ತೆಯವರು ಹೊಸಿಲಲ್ಲೇ ನಿಂತು, "ಗೋಡೆ ಎಲ್ಲಿಂದ ಎಲ್ಲಿಗೆ?" ಎಂದು ಕೇಳಿದರು. ಬಚ್ಚಲಲ್ಲಿ ನನ್ನ ಎಡ ಮೊಣಕೈ ಬಡಿಯಿತು. ಷಡ್ಡಕರ ಮುಖ ಅರಳಿತು.

ಅಪಾಯದ ತಾಲೀಮು ಮುಗಿಸಿ, ಹಡಗು ಬಿಡುವ ಹೊತ್ತಿಗೆ ಎಲ್ಲರೂ ಮೇಲಿನ ಡೆಕ್ಕಿಗೆ ಬಂದೆವು. ಸಂಗೀತ, ಬಿಸಿಲು, ಉಪ್ಪುಗಾಳಿ. ಕಟಕಟೆಗೆ ಒರಗಿ ನಿಂತ ಸಾವಿರಾರು ಜನ. ಷಡ್ಡಕರು ನಮ್ಮ ಪಕ್ಕವೇ ನಿಂತಿದ್ದರು, ಆದರೆ ಕಣ್ಣು ಅಂಗೈಯಲ್ಲಿತ್ತು. ಬಂದರಿನ ಹಡಗುಗಳನ್ನು ಲೋಕಕ್ಕೆಲ್ಲ ನೇರವಾಗಿ ತೋರಿಸುವ ಕ್ಯಾಮೆರಾ ಒಂದಿದೆಯಂತೆ; ಮೊಬೈಲಿನಲ್ಲಿ ಅದನ್ನು ಹಚ್ಚಿದ್ದರು. ತೆರೆಯ ಮೇಲೆ ನಮ್ಮದೇ ಹಡಗು, ಬೆಂಕಿಪೊಟ್ಟಣದಷ್ಟು.

ಕಾಲಡಿ ಸಣ್ಣ ನಡುಕ ಬಂತು. ದಡದ ದೀಪದ ಕಂಬಗಳು ಮೆಲ್ಲಗೆ ಹಿಂದಕ್ಕೆ ಜಾರತೊಡಗಿದವು.

"ಹೊರಟ್ವಿ!" ಎಂದಳು ನಾದಿನಿ.

"ಇನ್ನೂ ಇಲ್ಲ" ಎಂದರು ಷಡ್ಡಕರು, ಮೊಬೈಲು ನೋಡುತ್ತ. "ಕಟ್ಟಿದ ಹಾಗೇ ಇದೆ."

ನಾವು ಸುಮ್ಮನಿದ್ದೆವು. ಒಂದೆರಡು ಕಂಬ ಹೋದವು. ಒಂದು ಗೋದಾಮು ಹೋಯಿತು. ಅರ್ಧ ನಿಮಿಷದ ಮೇಲೆ ಅವರು ಪುಳಕಗೊಂಡು, "ಈಗ! ಈಗ ಹೊರಟ್ವಿ!" ಎಂದು ಕೂಗಿ ಎಲ್ಲರಿಗೂ ಮೊಬೈಲು ತೋರಿಸಿದರು. ಕಾಲುವೆಯ ಬಾಯಿಯ ಹತ್ತಿರ ಜೆಟ್ಟಿ ಪಾರ್ಕಿನಲ್ಲಿ ಹೆಂಗಸರು ಮಕ್ಕಳು ನಿಂತು ನಮ್ಮತ್ತ ಕೈಬೀಸುತ್ತಿದ್ದರು. "ಕ್ಯಾಮೆರಾ ಈ ಕಡೆ ಇದೆ, ಸ್ಟಾರ್‌ಬೋರ್ಡ್! ಕೈ ಬೀಸಿ, ನಾವು ಕಾಣ್ತೀವಿ!" ನಾವು ಬೀಸಿದೆವು. ಆಮೇಲೆ ಐದು ಜನವೂ ತಲೆಗೆ ತಲೆ ತಾಗಿಸಿ ಅಂಗೈಯಗಲದ ಗಾಜಿನ ಮೇಲೆ ಬಾಗಿ, ನಾವು ಕೈ ಬೀಸುವುದನ್ನೇ ಕಾಯುತ್ತ ನಿಂತೆವು. ಬೆನ್ನ ಹಿಂದೆ ಅಟ್ಲಾಂಟಿಕ್ ಸಾಗರ ಶುರುವಾಯಿತು.

"ಅಗೋ, ಅತ್ತೇ, ನೀವು!" ಎಂದು ಷಡ್ಡಕರು ಉಗುರಿನ ತುದಿಯಿಂದ ಒಂದು ಚುಕ್ಕೆ ತೋರಿಸಿದರು.

ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅದು ನಾನಲ್ಲಪ್ಪ. ನಾನು ಉಟ್ಟಿರೋದು ಹಸಿರು ಸೀರೆ."